ಮನೆಯ ಅಡುಗೆಯನ್ನು ಬರೆದಿಡುವ ಕ್ರಮ

ಮನೆಯ ಅಡುಗೆಯನ್ನು ಬರೆದಿಡಬೇಕೆನ್ನುವವರು ಮಾಡುವವರ ಪಕ್ಕದಲ್ಲೇ ನಿಂತು, ಅವರು ಕಣ್ಣಳತೆಯಲ್ಲಿ ಹಾಕುವ ಪ್ರತಿಯೊಂದನ್ನೂ ಪಾತ್ರೆಗೆ ಬೀಳುವ ಮುನ್ನ ತೂಗಿಕೊಳ್ಳಬೇಕು. ಬರೀ ಕೇಳಿದರೆ ‘ಸ್ವಲ್ಪ’, ‘ಒಂದು ಹಿಡಿ’ ಎಂಬ ಉತ್ತರಗಳಷ್ಟೇ ಸಿಗುತ್ತವೆ. ಬೆಂಗಳೂರಿನವರು ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿನಿಂದ ಆರಂಭಿಸಬಹುದು. ಸೊಗಡಿನ ಕಾಯಿ ಸುಲಿದು, ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿತಕಿದಾಗ ಬೇಳೆ ಸಿಪ್ಪೆಯಿಂದ ಚಿಮ್ಮಿ ಹೊರಬರುತ್ತದೆ ಎಂಬುದನ್ನೂ, ಅದು ಬೇಗ ಬೇಯುವುದರಿಂದ ಕುಕ್ಕರನ್ನು ಹೆಚ್ಚು ಕೂಗಿಸಿದರೆ ಕರಗಿಹೋಗುತ್ತದೆ ಎಂಬುದನ್ನೂ ಬರೆಯದಿದ್ದರೆ ಹೊಸಬರಿಗೆ ಪ್ರಯೋಜನವಿಲ್ಲ. ಮಸಾಲೆಗೆ ನಿಮಿಷಗಳಿಗಿಂತ ಗುರುತುಗಳು ಮುಖ್ಯ: ಹಸಿವಾಸನೆ ಹೋಯಿತೇ, ಅಂಚಿನಲ್ಲಿ ಎಣ್ಣೆ ಬಿಟ್ಟಿತೇ ಎಂಬುದನ್ನು ನಮೂದಿಸಿ. ಯಾರ ಮನೆಯ ಕ್ರಮ, ಮುದ್ದೆಗೋ ಅನ್ನಕ್ಕೋ ಎಂಬುದೂ ಇರಲಿ. ರುಚಿಯ ವರ್ಣನೆಗೆ ಒಂದು ವಾಕ್ಯ ಸಾಕು. ಬರೆದ ಹಾಳೆಯನ್ನು ಆ ಅಡುಗೆ ಗೊತ್ತಿಲ್ಲದವರ ಕೈಗಿತ್ತು ಮಾಡಿಸಿ, ಅವರು ತಡೆದು ಕೇಳಿದಲ್ಲೆಲ್ಲ ತಿದ್ದಬೇಕು.