ಬೇಗ ಒಡೆದ ಮರಿ, ತಡವಾಗಿ ಒಡೆದ ಮರಿ: ತಕ್ಕಡಿಯ ಪಕ್ಕದಲ್ಲಿ ಗಡಿಯಾರವೂ ಬೇಕು

ಕೋಳಿಮರಿ 21 ದಿನಕ್ಕೆ ಆಗುತ್ತದೆ ಎನ್ನುವುದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಸಾಕು. ಒಂದೇ ಟ್ರೇಯಲ್ಲಿ ಒಂದೇ ಹೊತ್ತಿಗೆ ಇಟ್ಟ ಮೊಟ್ಟೆಗಳಲ್ಲೂ ಮೊದಲನೆಯದು ಒಡೆದ ಮೇಲೆ ಕೊನೆಯದು ಒಡೆಯಲು 24ರಿಂದ 36 ಗಂಟೆ ಹಿಡಿಯುತ್ತದೆ. ಹಾಗಾಗಿ ಹ್ಯಾಚರ್ (ಮೊಟ್ಟೆ ಒಡೆದು ಮರಿ ಹೊರಬರುವ ಯಂತ್ರ) ಖಾಲಿ ಮಾಡುವ ದಿನ ಕೈಗೆ ಬರುವ ಮರಿಗಳಲ್ಲಿ ಕೆಲವಕ್ಕೆ ಒಂದೂವರೆ ದಿನ ವಯಸ್ಸು, ಕೆಲವಕ್ಕೆ ಮೈ ಇನ್ನೂ ಆರಿರುವುದಿಲ್ಲ. ಎಲ್ಲವನ್ನೂ ‘ಒಂದು ದಿನದ ಮರಿ’ ಎಂದೇ ಕರೆದು ಒಂದೇ ಬ್ರೂಡರಿಗೆ, ಅಂದರೆ ಮರಿ ಸಾಕುವ ಬೆಚ್ಚಗಿನ ಜಾಗಕ್ಕೆ, ಬಿಡುತ್ತೇವೆ. ಒಂದು ವಾರ ಕಳೆದು ಏಕೆ ಹಿಂದೆ ಮುಂದೆ ಬೆಳೆದಿವೆ ಎಂದು ಆಹಾರದ ಮೂಟೆಯನ್ನು ಬೈಯುತ್ತೇವೆ.

ನಾವು ಮಾಡುವುದು ಚಿಕ್ಕ ಪ್ರಮಾಣದಲ್ಲಿ. ಮೊದಲ 18 ದಿನ ಕಾವು ಕೊಡಲು ಫ್ಯಾನ್ ಇರುವ ಸೆಟ್ಟರ್, ಪ್ರತ್ಯೇಕ ಹ್ಯಾಚರ್. ಮೊಟ್ಟೆ ನಾಟಿ ಕೋಳಿಯದು, ಜೊತೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯದು. ಸೆಟ್ಟರಿನಲ್ಲಿ 37.6 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 55, ಗಂಟೆಗೊಮ್ಮೆ ತಿರುಗಿಸುವುದು. 18 ದಿನ ತುಂಬಿದ ಮೇಲೆ ಹ್ಯಾಚರಿಗೆ ಹಾಕಿ ಉಷ್ಣತೆಯನ್ನು 37ರ ಆಸುಪಾಸಿಗೆ ಇಳಿಸುತ್ತೇವೆ, ತೇವಾಂಶವನ್ನು ಶೇ. 65ರಿಂದ 70ಕ್ಕೆ ಏರಿಸುತ್ತೇವೆ. ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಇಟ್ಟುಕೊಳ್ಳುವುದು ಮುಖ್ಯ. ಮೊಟ್ಟೆ ಇಟ್ಟ ಮೇಲೆ ಯಂತ್ರ ಮತ್ತೆ ನಿಗದಿತ ಬಿಸಿಗೆ ಬಂದ ಗಳಿಗೆಯೇ ಸೊನ್ನೆ. ಅಲ್ಲಿಂದ 480 ಗಂಟೆಗೆ 20 ದಿನ, 504 ಗಂಟೆಗೆ 21 ದಿನ.

ಒಡೆಯುವ ಹೊತ್ತಿನ ವ್ಯತ್ಯಾಸ ಹುಟ್ಟುವುದು ಹ್ಯಾಚರಿನಲ್ಲಲ್ಲ, ಮೊಟ್ಟೆ ಕೂಡಿಡುವ ಕೋಣೆಯಲ್ಲಿ. ಕೂಡಿಟ್ಟ ಪ್ರತಿ ಹೆಚ್ಚುವರಿ ದಿನಕ್ಕೆ ಒಡೆಯುವುದು ಸುಮಾರು ಒಂದು ಗಂಟೆ ತಡವಾಗುತ್ತದೆ. ಹತ್ತು ದಿನದ ಮೊಟ್ಟೆಯನ್ನೂ ನಿನ್ನೆಯ ಮೊಟ್ಟೆಯನ್ನೂ ಒಟ್ಟಿಗೆ ಇಟ್ಟರೆ ಒಂಬತ್ತು ಗಂಟೆಯಷ್ಟು ಅಂತರವನ್ನು ನಾವೇ ಕೈಯಾರೆ ಮಾಡಿಕೊಂಡ ಹಾಗೆ. ದೊಡ್ಡ ಮೊಟ್ಟೆ ತಡ, ಸಣ್ಣದು ಬೇಗ. ಇನ್ನು ನಮ್ಮ ಬೇಸಿಗೆ. ಮೊಟ್ಟೆಗೆ 15ರಿಂದ 18 ಡಿಗ್ರಿ ತಂಪು ಬೇಕು. ಏಪ್ರಿಲಿನಲ್ಲಿ ಹೆಂಚಿನ ಮನೆಯ ಮೂಲೆಯಲ್ಲೂ 30 ದಾಟಿರುತ್ತದೆ. ಅಷ್ಟು ಬಿಸಿಗೆ ಭ್ರೂಣ ಪೂರ್ತಿ ನಿದ್ರೆಗೆ ಜಾರುವುದಿಲ್ಲ, ಅರೆಬರೆ ಬೆಳೆಯುತ್ತಲೇ ಇರುತ್ತದೆ. ಕೆಲವು ಒಳಗೇ ಸಾಯುತ್ತವೆ, ಉಳಿದವು ಹಿಂದೆ ಮುಂದೆ ಒಡೆಯುತ್ತವೆ. ಅದಕ್ಕೆ ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಕೋಳಿ ಮೊಟ್ಟೆ ಇಟ್ಟ ತಾರೀಖನ್ನೂ ತೂಕವನ್ನೂ ಬರೆಯುತ್ತೇವೆ. ಏಳು ದಿನಕ್ಕಿಂತ ಹಳೆಯದನ್ನು ಕಾವಿಗೆ ಇಡುವುದಿಲ್ಲ. ಗಾತ್ರದಲ್ಲಿ ತುಂಬ ವ್ಯತ್ಯಾಸವಿದ್ದರೆ ದೊಡ್ಡವನ್ನು ನಾಲ್ಕೈದು ಗಂಟೆ ಮೊದಲೇ ಒಳಗಿಡುತ್ತೇವೆ. ತಂಪಿನಿಂದ ತೆಗೆದ ಮೊಟ್ಟೆ ಆರೆಂಟು ಗಂಟೆ ಹೊರಗೆ ಇರಲಿ. ನೇರವಾಗಿ ಬಿಸಿಗೆ ಇಟ್ಟರೆ ಚಿಪ್ಪು ಬೆವರುತ್ತದೆ, ಬೆವರಿದ ಚಿಪ್ಪಿನಿಂದ ರೋಗಾಣು ಒಳಗಿಳಿಯುತ್ತದೆ.

ಇಲ್ಲಿ ಎರಡು ವಿಷಯ ಬೆರೆಯಬಾರದು. ಗುಂಪಿನೊಳಗೆ ಕೆಲವು ಮರಿ ಬೇಗ ಒಡೆಯುವುದು ಸಹಜ. ಇಡೀ ಗುಂಪೇ 475 ಗಂಟೆಗೆ ಒಡೆಯತೊಡಗಿದರೆ ಯಂತ್ರ ಹೆಚ್ಚು ಬಿಸಿಯಾಗಿದೆ ಎಂದರ್ಥ. ಆ ಮರಿಗಳು ಸಣ್ಣಗಿರುತ್ತವೆ, ಹೊಕ್ಕಳು ಸರಿಯಾಗಿ ಮುಚ್ಚಿರುವುದಿಲ್ಲ. ಕರೆಂಟ್ ಹೋಗಿ ಬಂದು ಯಂತ್ರ ತಣ್ಣಗಾಗಿದ್ದರೆ ಗುಂಪೆಲ್ಲ ತಡ, ಮರಿಗಳ ಹೊಟ್ಟೆ ಊದಿಕೊಂಡು ಮೆತ್ತಗಿರುತ್ತದೆ. ಇಂಥ ಗುಂಪಿನಲ್ಲಿ ‘ಬೇಗ ಒಡೆದದ್ದು ಚುರುಕೋ, ತಡವಾದದ್ದು ಚುರುಕೋ’ ಎಂದು ಲೆಕ್ಕ ಹಾಕುವುದು ವ್ಯರ್ಥ. ಮೊದಲು ಇನ್ನೊಂದು ಥರ್ಮಾಮೀಟರ್ ತಂದು ಯಂತ್ರವನ್ನು ಪರೀಕ್ಷಿಸಬೇಕು.

ಗುರುತು ಹಾಕುವ ವಿಧಾನ ಹೀಗೆ. ಹ್ಯಾಚರಿನ ಬಾಗಿಲನ್ನು ಮೂರೇ ಸಲ ತೆರೆಯುತ್ತೇವೆ: 486, 498, 510 ಗಂಟೆಗೆ. ಉಳಿದ ಹೊತ್ತೆಲ್ಲ ಗಾಜಿನಿಂದ ನೋಡುವುದಷ್ಟೇ. ಪದೇ ಪದೇ ತೆರೆದರೆ ತೇವಾಂಶ ಬಿದ್ದು, ತೂತು ಹಾಕಿ ಕುಳಿತ ಮರಿಯ ಸುತ್ತ ಒಳಪೊರೆ ಒಣಗಿ ಬಿಗಿಯುತ್ತದೆ. ತಿರುಗಲಾಗದೆ ಒಳಗೇ ಸಾಯುತ್ತದೆ. ಬಾಗಿಲು ತೆರೆದಿರುವುದು ಒಂದು ನಿಮಿಷದೊಳಗೆ ಮುಗಿಯಬೇಕು. ಪೂರ್ತಿ ಒಣಗಿದ ಮರಿಗಳನ್ನಷ್ಟೇ ತೆಗೆದು, ಮುಚ್ಚುವ ಮೊದಲು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಳಗಿಡುತ್ತೇವೆ. ಮೂರು ಸಲ ತೆಗೆದವಕ್ಕೆ ಮೂರು ಬಣ್ಣ. ನಾಟಿ ಮರಿಗಳ ಮೈಬಣ್ಣ ಒಂದೊಂದಕ್ಕೂ ಬೇರೆಯಾದ್ದರಿಂದ ಬೆನ್ನಿಗೆ ಬಣ್ಣ ಬಳಿದರೆ ಕಾಣದು. ಕಾಲುಗುರಿಗೆ ನೇಲ್ ಪಾಲಿಶ್ ಹಚ್ಚುವುದು ಸುಲಭ. ಕೆಂಪು ಮಾತ್ರ ಬೇಡ, ಕೆಂಪು ಕಂಡರೆ ಮರಿಗಳು ಕುಕ್ಕುತ್ತವೆ. ದಾರ ಕಟ್ಟುವವರೂ ಇದ್ದಾರೆ. ಕಾಲು ದಪ್ಪಗಾಗುವ ವೇಗಕ್ಕೆ ನಾಲ್ಕೈದು ದಿನದಲ್ಲೇ ದಾರ ಮಾಂಸಕ್ಕೆ ಕಚ್ಚುತ್ತದೆ, ಹಾಗಾಗಿ ನಾವು ಕಟ್ಟುವುದಿಲ್ಲ. ಯಾವ ಮೊಟ್ಟೆಯಿಂದ ಯಾವ ಮರಿ ಬಂತು ಎಂಬುದೂ ಬೇಕಿದ್ದರೆ, ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬುಟ್ಟಿಗಳನ್ನು ಮೊಟ್ಟೆಗಳ ಮೇಲೆ ಕವುಚಿಟ್ಟು ಒಂದೊಂದನ್ನೂ ಬೇರೆ ಮಾಡಬೇಕು.

ಇನ್ನು ತೂಕ. ಕಿಚನ್ ತಕ್ಕಡಿ ಒಂದು ಗ್ರಾಂ ಮಟ್ಟಿಗೆ ತೋರಿಸುವುದಾದರೆ ಸಾಲದು, 0.1 ಗ್ರಾಂ ತೋರಿಸುವುದು ಬೇಕು. ಮರಿಯನ್ನು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ ತೂಗಿದರೆ ಅಲುಗಾಡುವುದಿಲ್ಲ. ಸರಿಯಾದ ಹೊತ್ತಿಗೆ ತೆಗೆದ ಮರಿ ಮೊಟ್ಟೆಯ ತೂಕದ ಶೇ. 67ರಿಂದ 68 ಇರುತ್ತದೆ, ಅಂದರೆ 50 ಗ್ರಾಂ ಮೊಟ್ಟೆಗೆ 34 ಗ್ರಾಂ ಮರಿ. ಶೇ. 70 ದಾಟಿದರೆ ಮರಿ ಇನ್ನೂ ಹಸಿ. ಶೇ. 66ಕ್ಕಿಂತ ಇಳಿದರೆ ಒಡೆದು ಬಹಳ ಹೊತ್ತಾಗಿ ಮೈಯ ನೀರು ಆರಿದೆ.

ಇಲ್ಲೇ ತಕ್ಕಡಿ ದಾರಿ ತಪ್ಪಿಸುವುದು. ಎಲ್ಲವನ್ನೂ 510 ಗಂಟೆಗೆ ತೂಗಿದರೆ ತಡವಾಗಿ ಒಡೆದವೇ ಭಾರ. ಅವುಗಳ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ತುಂಬಿದೆ, ನೀರು ಆರಿಲ್ಲ, ಹಿಕ್ಕೆ ಹಾಕಿಲ್ಲ. ಬೇಗ ಒಡೆದವು ಇಪ್ಪತ್ತು ಗಂಟೆಗಳಿಂದ ಹ್ಯಾಚರಿನ ಬಿಸಿಗಾಳಿಯಲ್ಲಿ ನೀರಿಲ್ಲದೆ ಕುಳಿತಿವೆ. ಭಾರದ ಮರಿಯೇ ಒಳ್ಳೆಯ ಮರಿ ಎಂದು ಆರಿಸಿದರೆ ನಾವು ಆರಿಸಿದ್ದು ಹಳದಿಯನ್ನೇ ಹೊರತು ಬೆಳವಣಿಗೆಯನ್ನಲ್ಲ. ಹೋಲಿಸುವುದಾದರೆ ಪ್ರತಿ ಗುಂಪನ್ನೂ ಅದರದೇ ವಯಸ್ಸಿಗೆ ತೂಗಬೇಕು: ಅದು ಒಡೆದ 48 ಗಂಟೆಗೆ, ಏಳು ದಿನಕ್ಕೆ, 21 ದಿನಕ್ಕೆ. ಹಾಗೆ ತೂಗಿದರೆ ಮೊದಲ ದಿನ ಹಗುರವಾಗಿ ಕಂಡ ಮರಿಗಳು, ಬೇಗ ಮೇವು ಸಿಕ್ಕಿದ್ದರೆ, ಹಿಂದುಳಿಯುವುದಿಲ್ಲ. ಒಡೆದ ಹೊತ್ತಿಗಿಂತ, ಒಡೆದದ್ದಕ್ಕೂ ಮೊದಲ ತುತ್ತಿಗೂ ನಡುವಿನ ಗಂಟೆಗಳೇ ಮೊದಲ ವಾರದ ತೂಕವನ್ನು ಹೆಚ್ಚು ಎಳೆಯುತ್ತವೆ.

ಹೋಲಿಕೆ ಕೆಡಿಸುವ ಸಂಗತಿ ಇನ್ನೂ ಎರಡಿವೆ. ದೊಡ್ಡ ಮೊಟ್ಟೆ ತಡವಾಗಿ ಒಡೆಯುತ್ತದೆ, ಅದರ ಮರಿಯೂ ದೊಡ್ಡದು. ಮೊದಲ ವಾರಗಳಲ್ಲಿ ತೋರುವ ಮುನ್ನಡೆ ಗಂಟೆಯದಲ್ಲ, ಮೊಟ್ಟೆಯದು. ಎರಡನೆಯದು ಲಿಂಗ. ಸರಾಸರಿಯಲ್ಲಿ ಹೇಟೆಮರಿಗಳು ಹುಂಜದ ಮರಿಗಳಿಗಿಂತ ಸ್ವಲ್ಪ ಬೇಗ ಒಡೆಯುತ್ತವೆ, ಹುಂಜಗಳು ವೇಗವಾಗಿ ಬೆಳೆಯುತ್ತವೆ. ಕೊನೆಯ ಗುಂಪಿನಲ್ಲಿ ಹುಂಜ ಹೆಚ್ಚಿದ್ದರೆ ತಡವಾದ ಮರಿಗಳೇ ಗಟ್ಟಿ ಎಂಬ ಭ್ರಮೆ ಹುಟ್ಟುತ್ತದೆ. ನಾಟಿಯಲ್ಲಿ ಹುಂಜ ಹೇಟೆ ಬೇರ್ಪಡಿಸಲು ಆರೇಳು ವಾರ ಕಾಯಬೇಕು. ಅಲ್ಲಿಯವರೆಗೆ ತೂಕದ ಪುಸ್ತಕದಲ್ಲಿ ಲಿಂಗದ ಕಾಲಂ ಖಾಲಿ ಬಿಡುತ್ತೇವೆ, ತೀರ್ಮಾನವನ್ನೂ ತಡೆಹಿಡಿಯುತ್ತೇವೆ.

ನಡವಳಿಕೆ ನೋಡುವುದು ತೂಗುವುದಕ್ಕಿಂತ ಕಷ್ಟ. ಆಗಷ್ಟೇ ಒಡೆದ ಮರಿ ಸುಸ್ತಾಗಿ ಕತ್ತು ಚಾಚಿ ಬಿದ್ದಿರುತ್ತದೆ. ಮೊದಲ ಸಲ ನೋಡುವವರು ಸತ್ತಿದೆ ಎಂದುಕೊಳ್ಳುತ್ತಾರೆ. ಕೆಲವು ಗಂಟೆ ನಿದ್ದೆ, ಆಮೇಲೆ ತುಪ್ಪಳ ಬಿಚ್ಚಿಕೊಳ್ಳುತ್ತದೆ, ನೆಟ್ಟಗೆ ನಿಲ್ಲುತ್ತದೆ, ಕುಕ್ಕತೊಡಗುತ್ತದೆ. ಅರ್ಧ ದಿನ ದಾಟಿದ ಮರಿ ಓಡಾಡುತ್ತದೆ, ಇನ್ನೊಂದರ ಕಣ್ಣು ಬೆರಳು ಕುಕ್ಕುತ್ತದೆ, ತೂತು ಬಿದ್ದ ಮೊಟ್ಟೆಯ ಪೊರೆಯನ್ನೂ ಕುಕ್ಕಿ ರಕ್ತ ಬರಿಸುತ್ತದೆ. ಬೇಗ ಒಡೆದವನ್ನು ಹ್ಯಾಚರಿನಲ್ಲೇ ಬಿಡುವುದರ ಇನ್ನೊಂದು ನಷ್ಟ ಇದು. ಎರಡು ಗುಂಪನ್ನೂ ಒಟ್ಟಿಗೆ ಬ್ರೂಡರಿಗೆ ಬಿಟ್ಟರೆ ಎಳೆಯವು ಅಂಚಿಗೆ ಸರಿದು ಮಲಗುತ್ತವೆ, ನೀರಿನ ಬಳಿ ತುಳಿತಕ್ಕೆ ಸಿಗುತ್ತವೆ. ‘ಮಂದ ಮರಿ’ ಎಂಬ ಹೆಸರು ಆಗಲೇ ಅಂಟುವುದು. ಅದು ಮಂದವಲ್ಲ, ಅದಕ್ಕೆ ವಯಸ್ಸು ಆರು ಗಂಟೆ ಅಷ್ಟೆ.

ಪರೀಕ್ಷೆ ಸರಳ. ಮರಿಯನ್ನು ಬೆನ್ನ ಮೇಲೆ ಮಲಗಿಸಿ ಬಿಟ್ಟರೆ ಮೂರು ಸೆಕೆಂಡಿನೊಳಗೆ ಎದ್ದು ನಿಲ್ಲಬೇಕು. ತಡವಾದ ಗುಂಪಿಗೆ ಈ ಪರೀಕ್ಷೆಯನ್ನು ಅದು ಒಡೆದ ಹನ್ನೆರಡು ಗಂಟೆಯ ಮೇಲೆ ಮಾಡಬೇಕು, ಮೊದಲು ಮಾಡಿದರೆ ಅನ್ಯಾಯ. ಆಗಲೂ ಏಳದಿದ್ದರೆ ಹೊಕ್ಕಳು ನೋಡಿ. ಕಪ್ಪು ಗುಂಡಿಯಂತೆ ಗಟ್ಟಿಯಾಗಿದ್ದರೆ, ತೆರೆದಿದ್ದರೆ, ಕಾಲು ಮಡಚುವ ಕೀಲು ಕೆಂಪಾಗಿದ್ದರೆ ಅದು ನಿಜಕ್ಕೂ ಬಡ ಮರಿ. ಇವನ್ನು ಗುಂಪಿನ ಸರಾಸರಿಗೆ ಸೇರಿಸುವುದಿಲ್ಲ, ನಾವೇ ಚಿಪ್ಪು ಬಿಡಿಸಿ ತೆಗೆದವನ್ನೂ ಸೇರಿಸುವುದಿಲ್ಲ.

ತಾಯಿಕೋಳಿ ಈ ಲೆಕ್ಕವನ್ನು ತನ್ನ ರೀತಿಯಲ್ಲಿ ಮುಗಿಸುತ್ತದೆ. ಮೊಟ್ಟೆಗಳೆಲ್ಲ ಕೂಡಿದ ಮೇಲೆಯೇ ಬಿಗಿಯಾಗಿ ಕಾವಿಗೆ ಕೂರುವುದರಿಂದ ಅಂತರ ಮೊದಲೇ ಕಡಿಮೆ. ಮರಿಗಳು ಓಡಾಡತೊಡಗಿದ ಮೇಲೆ ಒಂದೆರಡು ದಿನದಲ್ಲಿ ಗೂಡು ಬಿಟ್ಟು ಹೊರಡುತ್ತದೆ, ತಡವಾದ ಮೊಟ್ಟೆ ಅಲ್ಲೇ ತಣ್ಣಗಾಗುತ್ತದೆ. ಲಾವಕ್ಕಿಯ ಭ್ರೂಣಗಳು ಚಿಪ್ಪಿನೊಳಗಿಂದಲೇ ಟಕಟಕ ಸದ್ದಿನಿಂದ ಒಂದನ್ನೊಂದು ಎಬ್ಬಿಸಿ ಒಟ್ಟಿಗೆ ಒಡೆಯುತ್ತವೆ ಎಂಬುದನ್ನು ಕೇಂಬ್ರಿಜಿನ ಸಂಶೋಧಕಿ ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲೇ ತೋರಿಸಿದ್ದರು. ಯಂತ್ರದಲ್ಲಿ ಕಾಯುವ ತಾಳ್ಮೆ ನಮ್ಮದು, ಅದರ ಬೆಲೆ ತೆರುವುದು ಬೇಗ ಒಡೆದ ಮರಿ.

‘ಹೊಟ್ಟೆಯಲ್ಲಿ ಹಳದಿ ಇದೆ, ಮೂರು ದಿನ ಏನೂ ಕೊಡದಿದ್ದರೂ ನಡೆಯುತ್ತದೆ’ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಬದುಕುತ್ತದೆ ನಿಜ. ಬೆಳೆಯುವುದಿಲ್ಲ. ಕರುಳು ಹಿಗ್ಗುವುದು ಮೇವು ಒಳಗೆ ಬಿದ್ದಾಗ. ಮೇವು ತಿಂದ ಮರಿ ಆ ಹಳದಿಯನ್ನೂ ಬೇಗ ಬಳಸಿಕೊಳ್ಳುತ್ತದೆ. ಅದಕ್ಕೆ 486 ಗಂಟೆಯ ಗುಂಪನ್ನು ತಡಮಾಡದೆ ಬ್ರೂಡರಿಗೆ ಬಿಡುತ್ತೇವೆ. ಬಿಡುವ ಮೊದಲು ಹೊಕ್ಕಳು ಒಣಗಿದೆಯೇ ಎಂದು ನೋಡಿ, ಕತ್ತಿನ ಚರ್ಮದಡಿ ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಹಾಕುತ್ತೇವೆ. ಎರಡು ಅಂಗುಲ ಭತ್ತದ ಹೊಟ್ಟು, ಮೇಲೆ ಹಳೆಯ ಪೇಪರ್, ಮರಿಯ ಬೆನ್ನಿನ ಎತ್ತರಕ್ಕೆ 33ರಿಂದ 34 ಡಿಗ್ರಿ. ಮೊದಲು ಉಗುರುಬೆಚ್ಚಗಿನ ನೀರು, ಲೀಟರಿಗೆ ಎರಡು ಚಮಚ ಬೆಲ್ಲ, ಅದೂ ಮೊದಲ ಕೆಲವು ಗಂಟೆಗಷ್ಟೇ. ದಿನವಿಡೀ ಕೊಟ್ಟರೆ ಹಿಕ್ಕೆ ತೆಳುವಾಗಿ ಹಿಂಭಾಗಕ್ಕೆ ಅಂಟುತ್ತದೆ. ಆಮೇಲೆ ಪೇಪರ್ ಮೇಲೆ ಮೆಕ್ಕೆಜೋಳದ ಸಣ್ಣ ನುಚ್ಚು, ಅದರ ಜೊತೆಗೇ ಚಿಕ್ ಸ್ಟಾರ್ಟರ್ ಎಂಬ ಎಳೆಮರಿಗಳ ಮೇವು.

ಎರಡು ಗಂಟೆಯ ಮೇಲೆ ಹತ್ತಿಪ್ಪತ್ತು ಮರಿಗಳ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ನಾಲ್ಕರಲ್ಲಿ ಮೂರಕ್ಕೆ ತುಂಬಿರಬೇಕು, ಮರುದಿನಕ್ಕೆ ಹೆಚ್ಚುಕಮ್ಮಿ ಎಲ್ಲಕ್ಕೂ. ಗಂಜಿಯಂತೆ ಮೆತ್ತಗಿದ್ದರೆ ಸರಿ. ಗಟ್ಟಿ ಉಂಡೆಯಂತಿದ್ದರೆ ತಿಂದಿದೆ, ಕುಡಿದಿಲ್ಲ.

ಕೊನೆಯ ಗುಂಪಿಗೆ ಬೇರೆ ಚಿಕ್ ಗಾರ್ಡ್ (ಮರಿಗಳ ಸುತ್ತ ನಿಲ್ಲಿಸುವ ತಡೆಬೇಲಿ), ಒಂದು ಡಿಗ್ರಿ ಹೆಚ್ಚು ಬಿಸಿ, ತಗ್ಗಿನ ತಟ್ಟೆಯಲ್ಲಿ ನೀರು, ಅದರಲ್ಲಿ ನಾಲ್ಕಾರು ಬೆಣಚುಕಲ್ಲು. ಹ್ಯಾಚರಿನಿಂದ ಅವಸರದಲ್ಲಿ ತೆಗೆಯಬಾರದು. ಎಲ್ಲ ಮರಿ ಆರಿ, ಇಪ್ಪತ್ತರಲ್ಲಿ ಒಂದರ ಕತ್ತಿನ ಹಿಂದೆ ಮಾತ್ರ ತೇವ ಉಳಿದಿದ್ದರೆ ಅದೇ ಹದ. ಖಾಲಿ ಚಿಪ್ಪಿನೊಳಗೆ ಕಡುಹಸಿರು ಹಿಕ್ಕೆ ಮೆತ್ತಿಕೊಂಡಿದ್ದರೆ ತಡ ಮಾಡಿದ್ದೇವೆ, ಮುಂದಿನ ಬಾರಿ ಬಾಗಿಲನ್ನು ಇನ್ನೂ ಬೇಗ ತೆರೆಯಬೇಕು. ಈ ಗುಂಪಿಗೆ ಅದರದೇ 24 ಗಂಟೆ ತುಂಬಿದ ಮೇಲೆ ಸಂಜೆ ಹೊತ್ತು ಬೆಳಕು ತಗ್ಗಿಸಿ ದೊಡ್ಡ ಗುಂಪಿಗೆ ಬಿಡುತ್ತೇವೆ. ಕತ್ತಲಲ್ಲಿ ಜಗಳ ಕಡಿಮೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಚೀಲ ಮುಟ್ಟಿ ನೋಡಿ. ಖಾಲಿ ಇದ್ದ ಮರಿಗಳ ಉಗುರಿನ ಬಣ್ಣವನ್ನು ಪುಸ್ತಕಕ್ಕೆ ಬರೆದು, ಅವನ್ನು ಚಿಕ್ಕ ಗಾರ್ಡಿಗೇ ವಾಪಸ್ ತರುತ್ತೇವೆ.