ಯಾರನ್ನೂ ಗೊರಬಲು ಮಾಡಬೇಡಿ: ಸದಸ್ಯತ್ವ, ಪ್ರಾಯೋಜಕತ್ವದ ಮೊತ್ತ ಗೊತ್ತು ಮಾಡುವುದು ಹೇಗೆ?

ತಾಳಮದ್ದಲೆಯ ಹಳೇ ಕ್ಯಾಸೆಟ್‌ಗಳನ್ನು ಜಾಲತಾಣಕ್ಕೆ ಹಾಕಿ ಎಲ್ಲರಿಗೂ ಪುಕ್ಕಟೆ ಕೇಳಿಸಬೇಕು ಅಂತ ಹೊರಟ ಗುಂಪುಗಳನ್ನು ನಮ್ಮ ಸಾಗರ, ತೀರ್ಥಹಳ್ಳಿ ಕಡೆ ನೋಡಿದ್ದೇನೆ. ಉತ್ಸಾಹಕ್ಕೆ ಕೊರತೆಯಿಲ್ಲ. ಎಡವುವುದು ದುಡ್ಡು ಕೇಳುವಲ್ಲಿ.

ಮೊದಲು ವರ್ಷದ ಖರ್ಚು ಬರೆಯಿರಿ. ಸರ್ವರ್, ಡೊಮೈನ್, ಕ್ಯಾಸೆಟ್ ಡಿಜಿಟಲ್ ಮಾಡುವವರ ಕೂಲಿ, ಆಡಿಟರ್ ಫೀಸು. 1,20,000 ರೂಪಾಯಿ ಬಂತು ಅಂದುಕೊಳ್ಳಿ.

ಆಮೇಲೆ ಸದಸ್ಯತ್ವ. ವರ್ಷಕ್ಕೆ 300 ರೂಪಾಯಿ ಸಾಕು. 200 ಜನ ಹೂಂ ಅಂದರೆ 120 ಜನ ಕೊಡುತ್ತಾರೆ ಅಂತಲೇ ಲೆಕ್ಕ ಹಿಡಿಯಿರಿ. 36,000 ಆಯಿತು. ಆಜೀವ ಸದಸ್ಯತ್ವ ಮಾತ್ರ ಬೇಡ. 2,000 ಇಸಕೊಂಡು ಅದೇ ವರ್ಷ ಖರ್ಚು ಮಾಡಿದರೆ ಮುಂದಿನ ವರ್ಷದ ಸರ್ವರ್ ಬಿಲ್ ಯಾರು ಕಟ್ಟುತ್ತಾರೆ? ಇಡಲೇಬೇಕು ಅಂದರೆ 5,000 ಇಡಿ, ಎಫ್‌ಡಿಗೆ ಹಾಕಿ, ಬಡ್ಡಿ ಮಾತ್ರ ಮುಟ್ಟಿ. ಶೇ 7ರಂತೆ 350 ಬರುತ್ತದೆ.

ಉಳಿದ 84,000 ಪ್ರಾಯೋಜಕರಿಂದ ಬರಬೇಕು. ಜಾಸ್ತಿ ಜನ ಕೆಡಿಸುವುದು ಇಲ್ಲೇ. ಚಿನ್ನ, ಬೆಳ್ಳಿ, ಪ್ಲಾಟಿನಂ ಅಂತ ಮಟ್ಟ ಮಾಡಿದರೆ ಒಡವೆ ಅಂಗಡಿಯ ಸ್ಕೀಮಿನ ಹಾಗೆ ಕಾಣುತ್ತದೆ. ನಾವು ಅಡಿಕೆಯ ದರ್ಜೆಗಳ ಹೆಸರಿಟ್ಟೆವು, ಮೇಲಿನಿಂದ ಕೆಳಕ್ಕೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಕೇಳಲು ಚಂದ. ಆದರೆ ಗೊರಬಲಿಗೆ ಒಬ್ಬರೂ ಬರಲಿಲ್ಲ. ‘ದುಡ್ಡು ಕೊಟ್ಟು ಗೊರಬಲು ಅನ್ನಿಸಿಕೊಳ್ಳಬೇಕಾ ಮಾರಾಯ?’ ಅಂದರು ಒಬ್ಬರು. ಸರಿಯೇ ಅಲ್ವಾ! ಹಾಗಾಗಿ ಮೂರೇ ಮಟ್ಟ ಇಡಿ. ಸರಕು 30,000, ಒಬ್ಬರು. ಬೆಟ್ಟೆ 12,000, ಮೂವರು. ರಾಶಿ 3,000, ಆರು ಜನ. ಲೆಕ್ಕ ಸರಿಹೋಯಿತು. ಒಬ್ಬರಿಂದಲೇ ಒಟ್ಟು ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಅವರು ಕೈಬಿಟ್ಟ ವರ್ಷ ಜಾಲತಾಣ ಮುಚ್ಚುತ್ತದೆ, ಅಲ್ಲಿಯವರೆಗೆ ಯಾವ ಪ್ರಸಂಗ ಮೊದಲು ಹಾಕಬೇಕು ಅಂತ ಅವರೇ ಹೇಳುತ್ತಿರುತ್ತಾರೆ.

ಪ್ರತಿಯಾಗಿ ಏನು ಕೊಡುತ್ತೀರಿ? ಸರಕಿನವರ ಹೆಸರು ಮುಖಪುಟದಲ್ಲಿ, ಬೆಟ್ಟೆಯವರದು ಒಂದು ಪ್ರಸಂಗದ ಕೆಳಗೆ, ರಾಶಿಯವರದು ಪಟ್ಟಿಯಲ್ಲಿ. ಅಷ್ಟೇ. ಶಾಲು, ಸ್ಮರಣಿಕೆ, ಕ್ಯಾಲೆಂಡರ್ ಅಂತ ಹೊರಟರೆ 3,000ದಲ್ಲಿ 800 ಅದಕ್ಕೇ ಹೋಗುತ್ತದೆ. ಕೃತಜ್ಞತೆಗೆ ಬರೀ ಹೆಸರು ಹಾಕಿದರೆ ಜಿಎಸ್‌ಟಿ ಇಲ್ಲ ಅಂತ 2019ರ ಸುತ್ತೋಲೆ ಹೇಳಿದೆ. ‘ನಮ್ಮಲ್ಲಿ ಶೇ 10 ರಿಯಾಯಿತಿ’ ಅಂತ ಬರೆಸಿದರೆ ಅದು ಜಾಹೀರಾತು, ಅದರ ಲೆಕ್ಕವೇ ಬೇರೆ. ವೋಟು ಸದಸ್ಯರಿಗೆ ಮಾತ್ರ ಇರಲಿ, ಪ್ರಾಯೋಜಕರಿಗೆ ಬೇಡ.

ಅಮೆರಿಕದಲ್ಲಿರುವ ಊರಿನ ಮಕ್ಕಳನ್ನು ಕೇಳುವ ಮುಂಚೆ ಪಾಸ್‌ಪೋರ್ಟ್ ಯಾವುದು ಅಂತ ವಿಚಾರಿಸಿ. ಭಾರತದ್ದಾದರೆ ಅವರ ಸ್ವಂತ ದುಡಿಮೆಯ ಹಣ ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿಯಿಲ್ಲದೆ ಒಂದು ಡಾಲರೂ ಮುಟ್ಟಬೇಡಿ.

ಹಣ ಸಂಘದ ಖಾತೆಯ ಕ್ಯೂಆರ್‌ಗೆ ಬರಲಿ. ಕಾರ್ಯದರ್ಶಿಯ ಸ್ವಂತ ಫೋನ್‌ಪೇಗೆ ಹಾಕಿಸಿಕೊಂಡು ಆಮೇಲೆ ಜಗಳವಾದದ್ದು ನೋಡಿದ್ದೇನೆ.

ಜೂನ್‌ನಲ್ಲಿ ಕೇಳಲು ಹೋಗಬೇಡಿ. ಶಾಲೆ ಫೀಸು, ಗೊಬ್ಬರ, ಕೊಳೆರೋಗದ ಔಷಧಿ ಅಂತ ಎಲ್ಲರ ಕೈಯೂ ಖಾಲಿ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗುವ ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ. ರಸೀತಿ ಪುಸ್ತಕ ಚೀಲದಲ್ಲೇ ಇರಲಿ.