ಬೀಳುವ ಗಾಜಿಗೆ ಕೈ ಒಡ್ಡಿದ ದಿನ

ನನ್ನ ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಬೆಂಗಳೂರಿನಲ್ಲಿ ಗಾಜು ಫಿಟ್ಟಿಂಗ್ ಕೆಲಸಕ್ಕೆ ಸೇರಿ ಆಗ 6 ವರ್ಷ ಆಗಿತ್ತು. ಗೋಡೆಗೆ ಒರಗಿಸಿದ್ದ 5 ಎಂಎಂ ಪ್ಲೇನ್ ಗಾಜುಗಳಲ್ಲಿ ನನಗೆ ಮೂರನೆಯದು ಬೇಕಿತ್ತು. ಮುಂದಿನ ಎರಡನ್ನು ಮೊಣಕಾಲಿಗೆ ಒರಗಿಸಿಕೊಂಡು ಹಿಂದಿನದನ್ನು ಎಳೆದೆ. ಮುಂದಿನದು ಜಾರಿತು. ಕೈ ತಾನಾಗಿಯೇ ಹೋಗಿ ಹಿಡಿಯಿತು. ಗಾಜು ನಡುವೆ ಒಡೆದು, ಮೇಲಿನ ತುಂಡು ಮಣಿಕಟ್ಟಿಗೆ ಇಳಿಯಿತು.

ಮೊದಲು ನೋವೇ ಇಲ್ಲ. ಬಿಳಿ ದಾರದಂಥದ್ದು ಕಂಡಿತು, ಆಮೇಲೆ ರಕ್ತ. ಮೇಸ್ತ್ರಿ ಟವೆಲ್ ಮಡಚಿ ಗಾಯದ ಮೇಲೆ ಒತ್ತಿದರು. "ಕೈ ಮೇಲಕ್ಕೆತ್ತೋ" ಅಂದರು. ಆಸ್ಪತ್ರೆ ಬರುವವರೆಗೂ ಆಟೋದಲ್ಲಿ ಒತ್ತಿದ ಕೈ ತೆಗೆಯಲಿಲ್ಲ. ಬೆರಳು ಮಡಚುವ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ, ತುಂಡಾಗಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. 3 ತಿಂಗಳು ಕೆಲಸ ಇಲ್ಲ.

ಮನೆಯಲ್ಲಿ ಕೂತಾಗ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಗಾಜು, ದಪ್ಪದ ಪ್ರತಿ ಎಂಎಂಗೆ ಎರಡೂವರೆ ಕೆಜಿ ತೂಗುತ್ತದೆ. 6 ಅಡಿಗೆ 4 ಅಡಿಯ ಆ ಗಾಜು ಒಂದೊಂದೂ ಸುಮಾರು 28 ಕೆಜಿ. ಮೊಣಕಾಲಿಗೆ ನಾನು ಒರಗಿಸಿಕೊಂಡಿದ್ದು 56 ಕೆಜಿ!

ಆದರೂ ಕೈ ಯಾಕೆ ಹೋಯಿತು? ಒಡೆದ ಗಾಜಿನ ದುಡ್ಡು ನಮ್ಮ ಕೂಲಿಯಲ್ಲೇ ಮುರಿಯುತ್ತಿದ್ದರು. ಆ ಹೆದರಿಕೆ ಕೈಯಲ್ಲೇ ಕೂತಿತ್ತು.

ಈಗ ನನ್ನದೇ ತಂಡ ಇದೆ. ಹೊಸ ಹುಡುಗ ಬಂದ ದಿನವೇ ಹೇಳುತ್ತೇನೆ: "ಬಿದ್ದರೆ ಬೀಳಲಿ ಕಣೋ, ನೀನು ಹಿಂದಕ್ಕೆ ಸರಿ. ದುಡ್ಡು ನಂದು." ಗಾಜು ಯಾವಾಗಲೂ ಮುಂದಿನಿಂದಲೇ ಒಂದೊಂದಾಗಿ ತೆಗೆಯಬೇಕು. ಹತ್ತಿ ಗ್ಲೌಸ್ ಬೇಡ, ಜಾರುತ್ತದೆ. ಕೊಯ್ತ ತಡೆಯುವ ಗ್ಲೌಸ್, ಮೊಣಕೈವರೆಗೆ ತೋಳುಪಟ್ಟಿ ಕೊಡಿಸಿದ್ದೇನೆ. ಗಾಜು ಎತ್ತಲು ಅಂಟಿಸುವ ರಬ್ಬರ್ ಹಿಡಿ, ಅಂದರೆ ಸಕ್ಷನ್ ಕಪ್, ಹಾಕುವ ಮುಂಚೆ ಗಾಜಿನ ಧೂಳು ಒರೆಸಲೇಬೇಕು, ಇಲ್ಲದಿದ್ದರೆ ಹಿಡಿತ ಬಿಡುತ್ತದೆ. ಕಾಯಿಸಿ ತಟ್ಟನೆ ತಣಿಸಿದ ಟಫನ್ಡ್ ಗಾಜು ಗಟ್ಟಿ ನಿಜ, ಆದರೆ ಅದರ ಮೂಲೆ ಟೈಲ್ಸ್‌ಗೆ ತಾಗಿದರೆ ಸಾಕು, ಇಡೀ ಗಾಜು ಪುಡಿಪುಡಿ. ಕೆಳಗೆ ಮರದ ತುಂಡು ಇಟ್ಟೇ ಇಳಿಸುತ್ತೇವೆ.

ಹೋದ ತಿಂಗಳು ಒಂದು 12 ಎಂಎಂ ಬಾಗಿಲು ಹುಡುಗನ ಕೈಯಿಂದ ಜಾರಿತು. ಅವನು ಹಿಂದಕ್ಕೆ ನೆಗೆದ. ನಾನು ಓಡಿಹೋಗಿ ಮೊದಲು ಅವನ ಎರಡೂ ಕೈ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ. ಗಾಜು ಗುಡಿಸಿದೆವು, ಹೊಸದಕ್ಕೆ ಆರ್ಡರ್ ಕೊಟ್ಟೆ. ಅದು ಬಂದ ದಿನ ಅವನೇ ಕೂರಿಸಿದ.